ಕುಕೀಸ್ ಮೇಲೆ ರಾಯಲ್ ಐಸಿಂಗಾ, ಹಾಲಿನ ಗ್ಲೇಜಾ?

ಹುಟ್ಟುಹಬ್ಬಕ್ಕೆ ಕುಕೀಸ್ ಮೇಲೆ ಹೆಸರು ಬರೆಯಬೇಕಾ? ಹಾಗಾದರೆ ರಾಯಲ್ ಐಸಿಂಗೇ ಸರಿ. ಎರಡು ಮೊಟ್ಟೆಯ ಬಿಳಿಗೆ ಸುಮಾರು 350 ಗ್ರಾಂ ಐಸಿಂಗ್ ಶುಗರ್ ಹಾಕಿ, ಬೀಟರ್ ಎತ್ತಿದಾಗ ತುದಿ ನೆಟ್ಟಗೆ ನಿಲ್ಲುವವರೆಗೆ ಬೀಟ್ ಮಾಡಿದರೆ ಸಣ್ಣ ಗೆರೆ, ಅಕ್ಷರ, ಚುಕ್ಕಿ ಎಲ್ಲಾ ಎಳೆದ ಹಾಗೇ ಉಳಿಯುತ್ತದೆ, ಚೆನ್ನಾಗಿ ಆರಿದ ಮೇಲೆ ಒಂದರ ಮೇಲೊಂದು ಜೋಡಿಸಿ ಡಬ್ಬಿಗೂ ತುಂಬಬಹುದು. ತೊಂದರೆ ಏನಂದ್ರೆ ಹಸಿ ಮೊಟ್ಟೆ. ಮೆರಿಂಗ್ ಪೌಡರ್ ತಂದರೆ ಆ ಭಯ ಇಲ್ಲ, ಆದರೆ ಅದೂ ಮೊಟ್ಟೆಯದೇ. ಮೊಟ್ಟೆ ತಿನ್ನದ ಅತ್ತೆಗೆ ಸುಮ್ನೆ ಕೊಟ್ಟುಬಿಡಬೇಡಿ!

ಅಂಥವರಿಗೆ ಗ್ಲೇಜ್. ಐಸಿಂಗ್ ಶುಗರ್‌ಗೆ ಚಮಚ ಚಮಚವಾಗಿ ಹಾಲು, ಹೊಳಪಿಗೆ ಸ್ವಲ್ಪ ಲಿಕ್ವಿಡ್ ಗ್ಲೂಕೋಸ್, ಅಷ್ಟೇ. ಕಚ್ಚಿದರೆ ಮೆತ್ತಗಿರುತ್ತದೆ, ನನಗಂತೂ ರುಚಿಗೆ ಇದೇ ಇಷ್ಟ. ಆದರೆ ಆರುವುದು ನಿಧಾನ, ಕೆಂಪು ಬಣ್ಣ ಪಕ್ಕದ ಬಿಳಿಗೆ ಹರಿದು ಗುಲಾಬಿ ಆಗಿಬಿಡುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಒಮ್ಮೆ ಮಾಡಿ ರಾತ್ರಿಯಿಡೀ ಫ್ಯಾನ್ ಕೆಳಗಿಟ್ಟಿದ್ದೆ, ಬೆಳಿಗ್ಗೆಯೂ ಬೆರಳಿಗೆ ಅಂಟುತ್ತಿತ್ತು.

ಯಾವುದನ್ನೇ ಮಾಡಿ, ಕುಕೀಸ್ ಪೂರ್ತಿ ತಣ್ಣಗಾಗಲಿ, ಇಲ್ಲದಿದ್ದರೆ ಐಸಿಂಗ್ ಕರಗಿ ತಟ್ಟೆಗೆ ಇಳಿಯುತ್ತದೆ. ಬಣ್ಣಕ್ಕೆ ಜೆಲ್ ತಗೊಳ್ಳಿ, ನೀರಿನಂಥದ್ದು ಹಾಕಿದರೆ ಐಸಿಂಗ್ ತೆಳ್ಳಗಾಗುತ್ತದೆ.