ಎರಡು ವರ್ಷದ ಏರ್ ಫ್ರೈಯರ್: ತೊಗರಿ ವಡೆಗೆ ಒಪ್ಪಿತು, ಮಿರ್ಚಿ ಭಜಿಗೆ ಒಪ್ಪಲಿಲ್ಲ

ಬಿಸಿ ಗಾಳಿಯಲ್ಲಿ ತಿಂಡಿ ಗರಿಗರಿ ಮಾಡುವ, ನಾಲ್ಕು ಲೀಟರಿನ, 1500 ವ್ಯಾಟ್‌ನ ಈ ಏರ್ ಫ್ರೈಯರ್ ಕಲಬುರಗಿಯ ನಮ್ಮ ಅಡುಗೆಮನೆಗೆ ಬಂದು ಎರಡು ವರ್ಷ ದಾಟಿತು. ವಾರದಲ್ಲಿ ನಾಲ್ಕು ಸಂಜೆಯಾದರೂ ಬಳಸುತ್ತೇನೆ. ಯಜಮಾನರಿಗೆ ಸಕ್ಕರೆ ಕಾಯಿಲೆ. ಎರಡು ಹೊತ್ತೂ ಜೋಳದ ರೊಟ್ಟಿ ಉಣ್ಣುವ ಮನೆ ನಮ್ಮದು. ಅದನ್ನು ಬಿಡಿಸುವ ಮನಸ್ಸು ನನಗಿರಲಿಲ್ಲ. ಅದರ ಬದಲು ಸಂಜೆಯ ತಿಂಡಿಯಿಂದ ಅಕ್ಕಿ, ಗೋಧಿ, ಮೈದಾ, ರವೆ, ಚುರುಮುರಿ ಎಲ್ಲವನ್ನೂ ತೆಗೆದೆ. ಉಳಿದದ್ದು ಬೇಳೆ, ಕಾಳು, ಎಳ್ಳು, ಅಗಸೆ. ಗರಿಗರಿಯನ್ನು ಬಿಡಲು ಮಾತ್ರ ಇಬ್ಬರೂ ಒಪ್ಪಲಿಲ್ಲ.

ಮೊದಲ ವಾರವೇ ಮಿರ್ಚಿ ಭಜಿ ಮಾಡಿದೆ. ಕಲಸಿದ ಕಡಲೆ ಹಿಟ್ಟಿನಲ್ಲಿ ಮೆಣಸಿನಕಾಯಿ ಅದ್ದಿ ಇಟ್ಟರೆ ಹಿಟ್ಟೆಲ್ಲ ಜಾಲರಿಯಿಂದ ಸೋರಿ ತಳದಲ್ಲಿ ಕರಕಾಯಿತು. ಕಾದ ಎಣ್ಣೆ ಹಿಟ್ಟನ್ನು ಬಿದ್ದ ಕ್ಷಣವೇ ಹಿಡಿದು ಗಟ್ಟಿ ಮಾಡುತ್ತದೆ. ಇಲ್ಲಿ ಮೇಲಿನ ಕಾಯಿಲ್‌ನ ಬಿಸಿಯನ್ನು ಫ್ಯಾನ್ ಸುತ್ತಲೂ ಬೀಸುತ್ತದೆ. ಗಾಳಿಗೆ ಎಣ್ಣೆಯ ಆ ವೇಗವಿಲ್ಲ. ಈಗ ಹಿಟ್ಟನ್ನು ರೊಟ್ಟಿಯ ಹಿಟ್ಟಿನಷ್ಟು ಗಟ್ಟಿಯಾಗಿ, ಅಜವಾನ, ಜೀರಿಗೆ, ಹುಣಸೆ ಸೇರಿಸಿ ಕಲಸಿ, ಸೀಳಿದ ಮೆಣಸಿನಕಾಯಿಯೊಳಗೆ ತುಂಬುತ್ತೇನೆ. ರುಚಿಯಾಗಿರುತ್ತದೆ. ಆದರೆ ಅದು ಭಜಿ ಅಲ್ಲ.

ಈ ಯಂತ್ರ ತನ್ನ ಬೆಲೆಯನ್ನು ತೀರಿಸಿದ್ದು ತೊಗರಿ ವಡೆಯಲ್ಲಿ. ನಮ್ಮ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ, ಅಂದರೆ ಈ ನೆಲದ ಬೆಳೆ ಎಂಬ ಕಾನೂನಿನ ಮನ್ನಣೆ, ಸಿಕ್ಕಿದೆ. ಗಂಜಿನಿಂದ (ಧಾನ್ಯದ ಮಾರುಕಟ್ಟೆಯಿಂದ) ತಂದ ಆ ಬೇಳೆಯನ್ನೇ ಹಾಕುತ್ತೇನೆ. ಒಂದು ಬಟ್ಟಲು ಬೇಳೆಯನ್ನು ಎರಡು ತಾಸು ನೆನೆಸಿ, ಬಸಿದು, ಅರ್ಧ ತಾಸು ಬಟ್ಟೆಯ ಮೇಲೆ ಹರವಬೇಕು. ಇದನ್ನು ಅವಸರ ಮಾಡಿದಾಗಲೆಲ್ಲ ವಡೆ ಮೆತ್ತಗಾಗಿದೆ. ಒಂದು ಹನಿ ನೀರೂ ಹಾಕದೆ ತರಿತರಿಯಾಗಿ ರುಬ್ಬಿ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವಿನ ಜೊತೆಗೆ ಎರಡು ಚಮಚ ಅಗಸೆ ಪುಡಿ ಹಾಕಿ. ಅಗಸೆ ತೇವ ಸಿಕ್ಕೊಡನೆ ಲೋಳೆಯಾಗಿ ಅಂಟು ಹಿಡಿಯುತ್ತದೆ, ಅಕ್ಕಿ ಹಿಟ್ಟು ಬೇಕಾಗುವುದಿಲ್ಲ. ತೆಳ್ಳಗೆ ತಟ್ಟಿ, ಎರಡೂ ಮೈಗೆ ಕುಸುಬೆ ಎಣ್ಣೆ ಸವರಿ, 180 ಡಿಗ್ರಿಯಲ್ಲಿ ಹತ್ತು ನಿಮಿಷ, ಮಗುಚಿ ಇನ್ನೆಂಟು ನಿಮಿಷ. ಎಣ್ಣೆಯೇ ಇಲ್ಲದೆ ಮಾಡಿದರೆ ವಡೆ ಒಣಗುತ್ತದೆ, ಗರಿಯಾಗುವುದಿಲ್ಲ. ಮೊಸರು, ಶೇಂಗಾ ಹಿಂಡಿಯ (ಶೇಂಗಾ ಚಟ್ನಿಪುಡಿಯ) ಜೊತೆ ಬಿಸಿಯಾಗಿಯೇ ತಿನ್ನಿ.

ಗೋಧಿಯನ್ನು ಪೂರ್ತಿ ಬಿಡಲೇಬೇಕಾದವರು ಇಂಗಿನ ಡಬ್ಬಿಯ ಹಿಂಬದಿಯನ್ನು ಓದಿ ಕೊಳ್ಳಿ. ಅನೇಕ ಇಂಗಿನ ಪುಡಿಗಳಲ್ಲಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ. ಬೇಳೆಯಲ್ಲೂ ಪಿಷ್ಟ ಇದೆ ಎಂಬುದನ್ನು ಮರೆಯಬಾರದು. ಯಜಮಾನರಿಗೆ ನಾಲ್ಕು ವಡೆ ಎಂದು ಎಣಿಸಿಯೇ ಬಡಿಸುತ್ತೇನೆ.

ಇಪ್ಪತ್ತು ನಿಮಿಷ ಓಡಿದರೆ ಹೆಚ್ಚೆಂದರೆ ಅರ್ಧ ಯೂನಿಟ್ ವಿದ್ಯುತ್. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕಾದ ಕಡಾಯಿಯ ಮುಂದೆ ನಿಲ್ಲುವುದು ತಪ್ಪಿದ್ದಕ್ಕೇ ನಾನು ಇದಕ್ಕೆ ಋಣಿ. ಬುಟ್ಟಿಯ ಲೇಪ ಹದಿನಾಲ್ಕನೆಯ ತಿಂಗಳಿಗೆ ಕಿತ್ತುಬಂದದ್ದು ಮಾತ್ರ ಬೇಸರ ತಂದಿದೆ. ಮೆತ್ತನೆಯ ಸ್ಪಂಜಿನಿಂದಷ್ಟೇ ತೊಳೆದಿದ್ದೆ. ಆದರೂ ಬುಟ್ಟಿಗೆ ವಾರಂಟಿ ಅನ್ವಯಿಸುವುದಿಲ್ಲ ಎಂದರು. ಹೊಸ ಬುಟ್ಟಿಗೆ ಬೇರೆ ಹಣ ತೆರಬೇಕಾಯಿತು.

ಒಮ್ಮೆಗೆ ಎಂಟು ವಡೆ ಹಿಡಿಯುತ್ತದೆ, ನಮ್ಮಿಬ್ಬರಿಗೆ ಸಾಕು. ಐದಾರು ಮಂದಿಯ ಮನೆಯಾದರೆ ದೊಡ್ಡದನ್ನೇ ಕೊಳ್ಳಿ. ಮೂರನೆಯ ಸರದಿ ಬೇಯುವಷ್ಟರಲ್ಲಿ ಮೊದಲನೆಯದು ಗರಿ ಕಳೆದುಕೊಂಡಿರುತ್ತದೆ.