ಬೆಳಿಗ್ಗೆ ನೋಡಿದ್ರೆ ಗಾಡಿ ಕೂತಿರುತ್ತೆ: ಹಳೇ ಲಕ್ಸುರಿ ಕಾರು, ಏರ್ ಸಸ್ಪೆನ್ಷನ್, ನನ್ನ ಎರಡೂವರೆ ಲಕ್ಷ

ಹಳೇ ಲಕ್ಸುರಿ ಕಾರು ತಗೋಬೇಕು ಅಂತ ಆಸೆ ಇರೋರು, ಇಲ್ಲಾ ಈಗಾಗ್ಲೇ ತಗೊಂಡು ಗ್ಯಾರೇಜಿಗೂ ಮನೆಗೂ ಓಡಾಡ್ತಿರೋರು ಸ್ವಲ್ಪ ಟೈಮ್ ಮಾಡ್ಕೊಂಡು ಓದಿ. ಗ್ಯಾರೇಜ್ ಹೆಸರು ಹೇಳಲ್ಲ, ಡೀಲರ್ ಹೆಸರೂ ಹೇಳಲ್ಲ. ಗಾಡಿ ಬ್ರ್ಯಾಂಡೂ ಬೇಡ ಬಿಡಿ, ಯಾಕಂದ್ರೆ ತಪ್ಪು ಗಾಡೀದಲ್ಲ, ಮತ್ತೆ ಏರ್ ಸಸ್ಪೆನ್ಷನ್ ಇರೋ ಯಾವ ಗಾಡಿಗಾದ್ರೂ ಕಥೆ ಹೆಚ್ಚೂಕಮ್ಮಿ ಇದೇ.

2019ರ ಕೊನೇಲಿ ತಗೊಂಡಿದ್ದು. 2010 ಮಾಡೆಲ್, ಡೀಸೆಲ್, ದೊಡ್ಡ ಜರ್ಮನ್ ಸೆಡಾನ್, ದೆಹಲಿ ರಿಜಿಸ್ಟ್ರೇಷನ್. ದೆಹಲೀಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸೋ ಹಾಗಿಲ್ಲ ಅಂತ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ (ಎನ್‌ಜಿಟಿ) ಹೇಳ್ತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು, ಅಲ್ಲಿಂದ ಹತ್ತು ವರ್ಷ ತುಂಬೋಕೆ ಮುಂಚೆ ಜನ ಸಿಕ್ಕಿದ ರೇಟಿಗೆ ಬಿಟ್ಟು ಬಿಡ್ತಿದ್ರು, ಅಂಥ ಗಾಡಿಗಳು ಬೇರೆ ರಾಜ್ಯಕ್ಕೆ ಹೋಗೋಕೆ ಬೇಕಾದ ಎನ್‌ಒಸಿ ತಗೊಂಡು ಬೆಂಗಳೂರಿಗೂ ಬರ್ತಿದ್ವು. ಹೊಸದ್ರಲ್ಲಿ ಅರವತ್ತು ಎಪ್ಪತ್ತು ಲಕ್ಷದ ಗಾಡಿ, ಇಲ್ಲಿ ಟ್ಯಾಕ್ಸ್ ಎಲ್ಲಾ ಕಟ್ಟಿ ಹೊಸ ಕ್ರೆಟಾ ದುಡ್ಡಿಗೆ ಬರುತ್ತೆ ಅಂದ್ರೆ ಯಾರಿಗೆ ತಾನೇ ತಲೆ ತಿರುಗಲ್ಲ. ನಂಗೂ ತಿರುಗ್ತು.

ನೋಡೋಕೆ ಹೋಗಿದ್ದು ಮಧ್ಯಾಹ್ನ, ಫೋನ್ ಮಾಡಿ ಟೈಮ್ ಹೇಳಿ ಹೋಗಿದ್ದೆ. ಅದೇ ಮೊದಲ್ನೇ ತಪ್ಪು. ಬಾನೆಟ್ ಮೇಲೆ ಕೈ ಇಟ್ಟಾಗ ಬಿಸಿ ಇತ್ತು, "ಈಗ ತಾನೇ ವಾಷಿಂಗಿಗೆ ಹೋಗಿ ಬಂತು ಸಾರ್" ಅಂದ. ನಾನೂ ಸರಿ ಅನ್ಕೊಂಡೆ. ಈಗ ಗೊತ್ತಾಗಿದೆ, ರಾತ್ರಿ ಎಲ್ಲಾ ನಿಂತು ಕೂತುಬಿಟ್ಟಿರೋ ಗಾಡೀನ ಸ್ಟಾರ್ಟ್ ಮಾಡಿ ಬಿಟ್ರೆ ಎರಡು ನಿಮಿಷದಲ್ಲಿ ಗಾಳಿ ತುಂಬ್ಕೊಂಡು ರಾಜನ ಥರ ಎದ್ದು ನಿಲ್ಲುತ್ತೆ, ಮಧ್ಯಾಹ್ನ ಬಂದೋನಿಗೆ ಏನೂ ಕಾಣಲ್ಲ. ಏರ್ ಸಸ್ಪೆನ್ಷನ್ ಗಾಡಿ ನೋಡೋಕೆ ಹೋಗೋದಾದ್ರೆ ಬೆಳಿಗ್ಗೆ ಹೋಗಿ, ಹೇಳ್ದೇ ಹೋಗಿ, ಇಂಜಿನ್ ತಣ್ಣಗಿರ್ಬೇಕು.

ಇದು ಹೆಂಗೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ದೋರಿಗೆ ಒಂದೆರಡು ಮಾತು. ಮಾಮೂಲಿ ಕಾರಲ್ಲಿ ಸ್ಪ್ರಿಂಗ್ ಇರೋ ಜಾಗದಲ್ಲಿ ಇಲ್ಲಿ ರಬ್ಬರ್ ಚೀಲ, ಒಳಗೆ ಗಾಳಿ. ವೋಲ್ವೊ ಬಸ್ಸೂ ಇಂಥ ಗಾಳಿ ಮೇಲೇ ಕೂತಿರೋದು. ಒಂದು ಕಂಪ್ರೆಸರ್ ಗಾಳಿ ಒತ್ತುತ್ತೆ, ವಾಲ್ವ್ ಬ್ಲಾಕ್ ಅಂತ ಅಂಗೈ ಅಗಲದ ಒಂದು ಡಬ್ಬಿ ಯಾವ ಮೂಲೆಗೆ ಎಷ್ಟು ಗಾಳಿ ಅಂತ ಹಂಚುತ್ತೆ, ಅಲ್ಲಿಂದ ಒಂದೊಂದು ಚಕ್ರಕ್ಕೂ ತೆಳ್ಳನೆ ಪ್ಲಾಸ್ಟಿಕ್ ಪೈಪು. ಗಾಡಿ ಎಷ್ಟು ಎತ್ತರ ಇದೆ ಅಂತ ನೋಡ್ಕೊಳ್ಳೋಕೆ ಚಕ್ರಾನ ಬಾಡಿಗೆ ಜೋಡಿಸೋ ತೋಳಿಗೆ (ಆರ್ಮ್) ಸಣ್ಣ ಕಡ್ಡಿಯಿಂದ ಜೋಡಿಸಿರೋ ಲೆವೆಲ್ ಸೆನ್ಸರ್‌ಗಳು. ಮರ್ಸಿಡಿಸ್ ಎಸ್-ಕ್ಲಾಸಲ್ಲಿ 1998ರಲ್ಲಿ ಏರ್‌ಮ್ಯಾಟಿಕ್ ಬಂದ್ಮೇಲೆ ದೊಡ್ಡ ಗಾಡಿಗಳಲ್ಲಿ ಇದೆಲ್ಲಾ ಮಾಮೂಲಾಯ್ತು. ರಬ್ಬರ್ ಅಂದ್ಮೇಲೆ ಹತ್ತು ವರ್ಷಕ್ಕೆ ಒಣಗಿ ಸೀಳೇ ಸೀಳುತ್ತೆ, ಅದರಲ್ಲಿ ಯಾರ ತಪ್ಪೂ ಇಲ್ಲ. ತಪ್ಪು ಶುರುವಾಗೋದು ಗಾಳಿ ಎಲ್ಲಿ ಸೋರ್ತಿದೆ ಅಂತ ನೋಡ್ದೇ ಪಾರ್ಟ್ ಆರ್ಡರ್ ಮಾಡಿದಾಗ.

ಮೂರ್ನೇ ವಾರಕ್ಕೆ ಎಡಗಡೆ ಮುಂದಿನ ಮೂಲೆ ಕೂರೋಕೆ ಶುರು ಮಾಡ್ತು. ರಾತ್ರಿ ಸರಿ ಇರುತ್ತೆ, ಬೆಳಿಗ್ಗೆ ಟೈರು ಫೆಂಡರ್ ಒಳಗೆ ಹೋಗಿರುತ್ತೆ, ಕುಂಟ ಎಮ್ಮೆ ಮಲಗಿದ ಹಾಗೆ. ಪಕ್ಕದ ಮನೆ ಅಂಕಲ್ ದಿನಾ ವಾಕಿಂಗಿಂದ ಬರ್ತಾ "ಪಂಕ್ಚರ್ ಏನಪ್ಪಾ" ಅಂತ ಕೇಳೋರು.

ಹೊರಗಡೆಯಿಂದ ಝಗಮಗ ಅನ್ನೋ ಒಂದು ಮಲ್ಟಿಬ್ರ್ಯಾಂಡ್ ಗ್ಯಾರೇಜಿಗೆ ತಗೊಂಡು ಹೋದೆ. ಎಸಿ ವೇಟಿಂಗ್ ರೂಮು, ಕಾಫಿ ಮಷೀನು. ಸ್ಕ್ಯಾನರ್ ಹಾಕಿದ್ರು, ಐದು ನಿಮಿಷಕ್ಕೆ ತೀರ್ಪು ಬಂತು, "ಸ್ಟ್ರಟ್ ಹೋಗಿದೆ ಸಾರ್, ಎಡಗಡೇದು." ಸ್ಟ್ರಟ್ ಅಂದ್ರೆ ಆ ಗಾಳಿ ಚೀಲ, ಶಾಕ್ ಅಬ್ಸಾರ್ಬರ್ ಎರಡೂ ಸೇರಿರೋ ಭಾಗ. ಲೇಬರ್ ಸೇರಿ 1,15,000. ಹಾಕಿಸ್ದೆ. ಆರು ದಿನ ಚೆನ್ನಾಗಿತ್ತು ಅನ್ಸುತ್ತೆ, ಇಲ್ಲಾ ನಾನೇ ಚೆನ್ನಾಗಿದೆ ಅನ್ಕೊಂಡೆನೋ, ಏಳನೇ ದಿನ ಮತ್ತೆ ಅದೇ ಮೂಲೆ ನೆಲ ಕಚ್ಚಿದೆ. ಹಳೇ ಸ್ಟ್ರಟ್ ಕೊಡಿ ನೋಡೋಣ ಅಂದ್ರೆ "ಗುಜರಿಗೆ ಹೋಯ್ತು ಸಾರ್" ಅಂದ್ರು. ಹಳೇ ಪಾರ್ಟ್ ನಿಮ್ಮದು ಸ್ವಾಮಿ, ಬಿಚ್ಚೋಕೆ ಮುಂಚೇನೇ ಕೇಳಿಟ್ಕೊಳ್ಳಿ.

ಎರಡ್ನೇ ಸಲ "ಕಂಪ್ರೆಸರ್ ವೀಕ್ ಆಗಿದೆ" ಅಂದ್ರು, 78,000. ಇದರಲ್ಲಿ ಅರ್ಧ ಸತ್ಯ ಇತ್ತು ಅಂತ ಆಮೇಲೆ ಗೊತ್ತಾಯ್ತು. ಎಲ್ಲೋ ಸೋರ್ತಿದ್ರೆ ಕಂಪ್ರೆಸರ್ ಪಾಪ ಹೊತ್ತಿಗೆ ಮೀರಿ ಓಡ್ತಾನೇ ಇರುತ್ತೆ, ಬಿಸಿಯಾಗಿ ಸವೀತಾ ಹೋಗುತ್ತೆ, ಅದರೊಳಗೆ ತೇವ ಹೀರ್ಕೊಳ್ಳೋ ಕಾಳುಗಳಿರ್ತವೆ, ಅವೂ ನೆನೆದು ಕೆಲಸ ಬಿಡ್ತಾವೆ. ಅಂದ್ರೆ ಕಂಪ್ರೆಸರ್ ಸಾಯೋದು ಲೀಕ್‌ನಿಂದ. ಲೀಕ್ ಹಂಗೇ ಬಿಟ್ಟು ಹೊಸ ಕಂಪ್ರೆಸರ್ ಹಾಕಿದ್ರೆ ತೂತು ಬಿಂದಿಗೆಗೆ ಹೊಸ ನಲ್ಲಿ ಹಾಕಿದ ಹಾಗೆ. ಕಂಪ್ರೆಸರ್ ಆನ್ ಆಫ್ ಮಾಡೋ ಸ್ವಿಚ್ಚು, ಅಂದ್ರೆ ರಿಲೇ ಕೂಡ ಬದಲಾಯಿಸಿರಲಿಲ್ಲ, ಹಳೇದೇ. ಆ ರಿಲೇ ಒಳಗಿನ ಪಾಯಿಂಟ್ ಅಂಟ್ಕೊಂಡ್ರೆ ಗಾಡಿ ಆಫ್ ಮಾಡಿದ್ರೂ ಕಂಪ್ರೆಸರ್ ಓಡ್ತಾನೇ ಇದ್ದು ಸುಟ್ಟು ಹೋಗುತ್ತೆ. ಕಂಪ್ರೆಸರ್ ಬದಲಾಯಿಸೋರು ಕೆಲವು ನೂರು ರೂಪಾಯಿ ರಿಲೇನೂ ಜೊತೇಲೇ ಬದಲಾಯಿಸ್ಬೇಕು.

ಇಷ್ಟರಲ್ಲಿ ಹಂಪ್ ಹತ್ತಿದ್ರೆ ಟಕ್ ಟಕ್ ಅಂತ ಇನ್ನೊಂದು ಸೌಂಡು. ಲೋಯರ್ ಆರ್ಮು, ಬುಷ್ಷು ಎಲ್ಲಾ ಹೊಸದು, 62,000. ಸೌಂಡ್ ಹೋಯ್ತು, ಐದೇ ತಿಂಗಳಿಗೆ ವಾಪಸ್ ಬಂತು. ಇದರ ಕಾರಣ ಮಾತ್ರ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮಾರುತಿಯಿಂದ ಹಿಡಿದು ಎಲ್ಲಾ ಗಾಡಿಗೂ ಇದು ಬೇಕಾಗುತ್ತೆ. ಬುಷ್ ಅಂದ್ರೆ ಒಂದು ಕಬ್ಬಿಣದ ಕೊಳವೆ, ಸುತ್ತ ಅಂಟಿಸಿರೋ ರಬ್ಬರು. ಬೋಲ್ಟ್ ಟೈಟ್ ಮಾಡಿದ ಕೂಡಲೇ ಒಳಗಿನ ಕೊಳವೆ ಅಲ್ಲೇ ಕಚ್ಕೊಳ್ಳುತ್ತೆ, ಆಮೇಲೆ ಆರ್ಮ್ ಆಡೋದೆಲ್ಲಾ ರಬ್ಬರ್ ತಿರುಚಿಕೊಂಡೇ. ಗಾಡಿ ಲಿಫ್ಟ್ ಮೇಲಿದ್ದು ಚಕ್ರ ನೇತಾಡ್ತಿರೋವಾಗ ಟೈಟ್ ಮಾಡಿದ್ರೆ ಏನಾಗುತ್ತೆ ಹೇಳಿ? ಕೆಳಗೆ ಇಳಿಸಿದ ಕ್ಷಣವೇ ರಬ್ಬರ್ ತಿರುಚಿಕೊಂಡು ನಿಲ್ಲುತ್ತೆ, ನಿಂತಲ್ಲೇ ಎಳೀತಿರುತ್ತೆ, ಒಂದೊಂದು ಗುಂಡಿಗೂ ಇನ್ನಷ್ಟು ಎಳೆದು ಕೊನೆಗೆ ಸೀಳುತ್ತೆ. ಗಾಡಿ ನಾಲ್ಕೂ ಚಕ್ರದ ಮೇಲೆ, ಸರಿಯಾದ ಎತ್ತರದಲ್ಲಿ ನಿಂತಾಗ್ಲೇ ಕೊನೇ ಟೈಟ್ ಕೊಡ್ಬೇಕು. ನನ್ನ ಗಾಡೀದು ಲಿಫ್ಟ್ ಮೇಲೇ ಕರ್ ಕರ್ ಅಂತ ಗನ್ ಹೊಡೆದು ಮುಗಿಸಿದ್ರು, ನಾನು ಗ್ಲಾಸಿಂದಾಚೆ ಕಾಫಿ ಕುಡೀತಾ ನೋಡ್ತಿದ್ದೆ, ಗೊತ್ತಿರಲಿಲ್ಲ.

ಒಟ್ಟು 2,55,000. ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಕೊನೆಗೆ ಮೈಸೂರಲ್ಲಿ ನಮ್ಮ ಭಾವ ಒಬ್ಬ ಹಳೇ ಮೆಕ್ಯಾನಿಕ್ ಹತ್ರ ಕರ್ಕೊಂಡು ಹೋದ್ರು. ಶೀಟ್ ಹಾಕಿರೋ ಶೆಡ್ಡು, ಲಿಫ್ಟೂ ಇಲ್ಲ, ಗಾಡಿ ಕೆಳಗೆ ನಿಂತು ಕೆಲಸ ಮಾಡೋಕೆ ಗುಂಡಿ ಇದೆ ಅಷ್ಟೇ. ಸಾಬ್ರು ಸ್ಕ್ಯಾನರ್ ಮುಟ್ಟಲೇ ಇಲ್ಲ. ಗಾಡೀನ ಸಮತಟ್ಟು ಜಾಗದಲ್ಲಿ ನಿಲ್ಸಿ, ಟೈಲರ್ ಟೇಪ್ ತಗೊಂಡು ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ನಾಲ್ಕೂ ಕಡೆ ಅಳೆದು, ಸೀಮೆಸುಣ್ಣದಲ್ಲಿ ಟೈರ್ ಮೇಲೇ ಬರೆದ್ರು. ಆಮೇಲೆ ಸಸ್ಪೆನ್ಷನ್ ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡು "ನಾಳೆ ಬನ್ನಿ ಸಾರ್" ಅಂದ್ರು. ಫ್ಯೂಸ್ ಯಾಕೆ ಅಂದ್ರೆ, ಕೆಲವು ಗಾಡಿ ನಿಲ್ಸಿ ಹೋದ್ಮೇಲೂ ಮಧ್ಯೆ ಎದ್ದು ತಾನೇ ಲೆವೆಲ್ ಸರಿ ಮಾಡ್ಕೊಳ್ಳುತ್ತೆ, ಒಂದು ಮೂಲೆ ಇಳಿದ್ರೆ ಉಳಿದ ಮೂರನ್ನೂ ಅದರ ಸಮಕ್ಕೆ ಇಳಿಸುತ್ತೆ, ಆಗ ಕಳ್ಳ ಯಾರು ಅಂತ ಗೊತ್ತಾಗಲ್ಲ.

ಬೆಳಿಗ್ಗೆ ಮೂರು ಮೂಲೆ ಮೂರ್ನಾಲ್ಕು ಮಿಲಿಮೀಟರ್ ಇಳಿದಿತ್ತು, ರಾತ್ರಿ ತಂಪಿಗೆ ಗಾಳಿ ಕುಗ್ಗುತ್ತಲ್ಲ, ಅಷ್ಟಕ್ಕೆ ತಲೆ ಕೆಡಿಸ್ಕೋಬೇಡಿ ಅಂದ್ರು. ಎಡಗಡೆ ಮುಂದಿಂದು 45 ಇಳಿದಿತ್ತು. ಫ್ಯೂಸ್ ಹಾಕಿ ಗಾಡಿ ಎಬ್ಬಿಸಿ, ಬಲಗಡೆ ಚಕ್ರದ ಹತ್ರ ಫೆಂಡರ್ ಒಳಗಿನ ಪ್ಲಾಸ್ಟಿಕ್ ಹೊದಿಕೆ, ಅಂದ್ರೆ ಲೈನರ್ ಬಿಚ್ಚಿದ್ರು. ನಾನು, "ಭಾಯ್, ತೊಂದರೆ ಎಡಗಡೆ ಇರೋದು."

"ಪೈಪ್ ಶುರುವಾಗೋದು ಇಲ್ಲಿಂದ ಅಲ್ವಾ ಸಾರ್."

ಪಾತ್ರೆ ತೊಳೆಯೋ ಲಿಕ್ವಿಡ್ ನೀರಿಗೆ ಕಲಸಿ ಸ್ಪ್ರೇ ಬಾಟಲೀಲಿ ವಾಲ್ವ್ ಬ್ಲಾಕ್ ಮೇಲೆ ಹೊಡೆದ್ರು. ಒಂದು ನಿಮಿಷ ಏನಿಲ್ಲ. ಆಮೇಲೆ ಒಂದು ಹಿತ್ತಾಳೆ ನಟ್ ಬುಡದಲ್ಲಿ ಸಾಸಿವೆ ಕಾಳಷ್ಟು ಗುಳ್ಳೆ ಬಂತು, ನೋಡ್ತಾ ನೋಡ್ತಾ ಬಟಾಣಿ ಆಯ್ತು, ಒಡೀತು, ಇನ್ನೊಂದು ಬಂತು. ಎಡಗಡೆ ಮುಂದಿನ ಚಕ್ರಕ್ಕೆ ಹೋಗೋ ಪೈಪಿನ ತುದಿ. ಹಿಂದೆ ಯಾರೋ ಬಿಚ್ಚಿದಾಗ ಪೈಪಿಗೆ ಗೀರು ಬಿದ್ದು, ಅದರ ಮೇಲೇ ಹಳೇ ರಿಂಗ್ ಹಾಕಿ ಟೈಟ್ ಮಾಡಿದ್ದಾರೆ. ಸಾಬ್ರು ಬ್ಲೇಡಲ್ಲಿ ಪೈಪಿನ ತುದಿ ಒಂದು ಸೆಂಟಿಮೀಟರ್ ನೇರವಾಗಿ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿದ್ರು. 1,800 ರೂಪಾಯಿ, ಅದರಲ್ಲಿ ಎರಡು ದಿನದ ಕೂಲೀನೂ ಬಂತು. ಗಾಡಿಯಲ್ಲೇ ಕೂತು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ ನಾನು.

ಆ ಎರಡು ದಿನದಲ್ಲಿ ಅವರ ಹತ್ರ ಕೇಳಿ ಕೇಳಿ ತಿಳ್ಕೊಂಡಿದ್ದು. ಒಂದೇ ಮೂಲೆ ಕೂತ್ರೆ ಆ ಸ್ಟ್ರಟ್ಟೋ, ಅದರ ಪೈಪೋ, ಬ್ಲಾಕಲ್ಲಿ ಅದರ ವಾಲ್ವೋ ಮೂರರಲ್ಲಿ ಒಂದು. ಮುಂದಿನ ಎರಡೂ ಒಟ್ಟಿಗೆ ಕೂತ್ರೆ ಎರಡೂ ಸ್ಟ್ರಟ್ ಒಂದೇ ದಿನ ಸತ್ತಿರೋದು ಅಪರೂಪ, ಮೊದ್ಲು ವಾಲ್ವ್ ಬ್ಲಾಕ್ ಮೇಲೆ ಅನುಮಾನ ಪಡಿ. ಗಾಡಿ ಕೂರೋದ್ರ ಬದಲು ಒಂದು ಕಡೆ ಎತ್ತರಕ್ಕೇ ನಿಂತುಬಿಟ್ರೆ ಗಾಳಿ ಸೋರಿಕೆ ಅಲ್ಲ, ಸೆನ್ಸರ್ ಕಡ್ಡಿ ಮುರಿದಿರ್ಬಹುದು, ನೋಡಿ. ರಬ್ಬರ್ ಚೀಲ ಒಂದು ಎತ್ತರದಲ್ಲಿ ಸೋರದೇ ಇನ್ನೊಂದು ಎತ್ತರದಲ್ಲಿ ಸೋರಬಹುದು, ಯಾಕಂದ್ರೆ ಬಿರುಕು ಮಡಿಕೆ ಒಳಗೆ ಹೋಗಿರುತ್ತೆ, ಹಾಗಾಗಿ ಗಾಡಿ ಮೇಲೆತ್ತಿ ಕೆಳಗಿಳಿಸಿ ಎರಡೂ ಸಲ ಸೋಪು ನೀರು ಹೊಡೀಬೇಕು. ಕೂತಿರೋ ಗಾಡೀನ ಹಂಗೇ ಎಬ್ಬಿಸ್ದೇ ಓಡಿಸಿದ್ರೆ ಚೆನ್ನಾಗಿರೋ ಚೀಲಾನೂ ಹರೀತದೆ.

ಮತ್ತೆ ಇದೊಂದು ಖಂಡಿತಾ ನೆನಪಿಟ್ಕೊಳ್ಳಿ, ಟೈರಿಗೂ ಫೆಂಡರಿಗೂ ಮಧ್ಯೆ ಕೈ ತೂರಿಸಿ ಲೀಕ್ ಹುಡುಕ್ಬೇಡಿ, ಬರೀ ಜಾಕ್ ನಂಬಿ ಕೆಳಗೆ ಮಲಗ್ಬೇಡಿ. ಗಾಳಿ ಒಂದೇ ಸಲ ಹೋದ್ರೆ ಎರಡು ಟನ್ ಗಾಡಿ ಮೈ ಮೇಲೆ ಬರುತ್ತೆ.

ಲೀಕ್ ಹೋದ್ಮೇಲೂ ಗಾಡಿ ಎತ್ತಿನ ಗಾಡಿ ಥರ ಕುಣೀತಿತ್ತು. ಅದಕ್ಕೂ ಏರ್ ಸಸ್ಪೆನ್ಷನ್ನಿಗೂ ಸಂಬಂಧಾನೇ ಇಲ್ಲ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ ನೋಡಿ, ನನ್ನದು 2213, ಅಂದ್ರೆ 2013ರ ಇಪ್ಪತ್ತೆರಡ್ನೇ ವಾರ ಮಾಡಿರೋದು. ರನ್‌ಫ್ಲಾಟ್ ಬೇರೆ, ಅಂದ್ರೆ ಪಂಕ್ಚರ್ ಆದ್ರೂ ಸ್ವಲ್ಪ ದೂರ ಓಡೋ ಟೈರು, ಪಕ್ಕದ ಗೋಡೆ ಮೊದ್ಲೇ ಗಟ್ಟಿ, ಒಣಗಿ ಮರ ಆಗಿತ್ತು, ಅದಕ್ಕೆ ಪೆಟ್ರೋಲ್ ಬಂಕಿನ ಹುಡುಗ 40 ಗಾಳಿ ಹೊಡೆದಿದ್ದ. ಗಟ್ಟಿ ರೈಡ್ ಅಂತ ಸಾವಿರಾರು ರೂಪಾಯಿ ಸ್ಕ್ಯಾನಿಂಗ್ ಮಾಡಿಸೋಕೆ ಮುಂಚೆ ಬಗ್ಗಿ ಆ ನಂಬರ್ ಓದ್ಕೊಳ್ಳಿ, ಪುಕ್ಕಟೆ.

ಆರ್ಮ್ ಬುಷ್ ಎಲ್ಲಾ ಸಾಬ್ರ ಹತ್ರಾನೇ ಮತ್ತೆ ಮಾಡಿಸ್ದೆ, ಗುಂಡಿ ಮೇಲೆ ಗಾಡಿ ಚಕ್ರದ ಮೇಲೇ ನಿಲ್ಸಿ ಟೈಟ್ ಮಾಡಿದ್ರು, ಇವತ್ತಿನವರೆಗೂ ಸೌಂಡ್ ಇಲ್ಲ. ಝಗಮಗ ಗ್ಯಾರೇಜಿಗೆ ಹೋಗಿ ಸೋಪು ಗುಳ್ಳೆ ವಿಡಿಯೋ ತೋರಿಸ್ದೆ, ಮುಂದಿನ ಸರ್ವೀಸಲ್ಲಿ ಹತ್ತು ಪರ್ಸೆಂಟ್ ಡಿಸ್ಕೌಂಟ್ ಕೊಡ್ತೀವಿ ಅಂದ್ರು.

ಈಗ ಡ್ಯಾಶ್‌ಬೋರ್ಡ್ ಒಳಗೆ ಒಂದು ಟೈಲರ್ ಟೇಪು, ಒಂದು ನೋಟ್‌ಬುಕ್ ಇಟ್ಟಿದ್ದೀನಿ, ತಿಂಗಳಿಗೊಂದ್ಸಲ ಅಳೆದು ಬರೀತೀನಿ, ಹೆಂಡ್ತಿ ಮಗೂ ಎತ್ತರ ಬರೆದಿಡೋರನ್ನ ನೋಡಿದ್ದೆ ಇದನ್ನ ನೋಡಿರಲಿಲ್ಲ ಅಂತಾಳೆ. ಕಳೆದ ಎರಡು ಸಲದಿಂದ ಹಿಂದಿನ ಬಲಗಡೇದು ರಾತ್ರಿಗೆ ಒಂಬತ್ತು ಮಿಲಿಮೀಟರ್ ಇಳೀತಿದೆ. ಭಾನುವಾರ ಲೈನರ್ ಬಿಚ್ಚಿ ನೋಡ್ಬೇಕು, ಯಾರಿಗೂ ಇನ್ನೂ ಫೋನ್ ಮಾಡಿಲ್ಲ.