ಮ್ಯಾಗ್ನೆಟಿಕ್ ಸ್ಟಿರರ್: ಈಸ್ಟ್ ಚೆನ್ನಾಗಿ ಬೆಳೆಯುತ್ತೆ, ಕರೆಂಟ್ ಹೋದರೆ ಕಷ್ಟ

ಮೈಸೂರಿನ ಲ್ಯಾಬ್ ಸಾಮಾನಿನ ಅಂಗಡಿಯೊಂದರಲ್ಲಿ 2,650 ರೂಪಾಯಿ ಕೊಟ್ಟು ತಂದಿದ್ದು. ಫ್ಲಾಸ್ಕಿನೊಳಗೆ ಹಾಕಿದ ಪುಟ್ಟ ಅಯಸ್ಕಾಂತದ ತುಂಡನ್ನ ಕೆಳಗಿನಿಂದಲೇ ತಿರುಗಿಸಿ ದ್ರವ ಕಲಕೋ ಯಂತ್ರ ಇದು. ಮಂಡ್ಯದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ಇಂಥವುಗಳ ಧೂಳು ಒರೆಸಿದವನು ನಾನು. ರಿಟೈರ್ ಆದಮೇಲೆ ಸ್ವಂತ ದುಡ್ಡಲ್ಲಿ ಒಂದನ್ನ ಕುವೆಂಪುನಗರದ ಮನೆಗೆ ತಂದರೆ ನಮ್ಮವಳು, "ಅಲ್ಲಿ ತಿರುಗಿಸಿದ್ದು ಸಾಲದಾಗಿತ್ತೇನ್ರೀ?" ಅಂದಳು.

ಇದಕ್ಕೆಲ್ಲ ಮೂಲ ಮಗ. ಅವನು ಕೊಲರಾಡೊದಲ್ಲಿ ಮನೆಯಲ್ಲೇ ಸ್ಟ್ರಾಂಗ್ ಬಿಯರ್ ಮಾಡ್ತಾನೆ. ಅಮೆರಿಕದಲ್ಲಿ 1978ರ ಕಾನೂನು ಮನೆಬಳಕೆಯ ಬಿಯರಿಗೆ ದಾರಿ ಬಿಟ್ಟುಕೊಟ್ಟಿದೆ. ನಮ್ಮಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಕೈ ಹಾಕಿದರೆ ಕೇಸು. ಅದಕ್ಕೇ ನಾನು ಬೆಳೆಸೋ ಈಸ್ಟ್ ಬ್ರೆಡ್ ಹಿಟ್ಟಿಗೆ ಹೋಗುತ್ತೆ. ಹಿಂದೆ ಯುರೋಪಿನ ಬೇಕರಿಯವರೂ ಬಿಯರ್ ಮಾಡೋರ ಹತ್ತಿರ ಈಸ್ಟ್ ತಂದೇ ಬ್ರೆಡ್ ಉಬ್ಬಿಸ್ತಿದ್ದರಂತೆ, ಹೊಸದೇನಲ್ಲ.

ಮಗನ ಲೆಕ್ಕ ಕೇಳಿ. ಅವನ ದ್ರವ ಈಸ್ಟಿನ ಪ್ಯಾಕೆಟ್ಟಲ್ಲಿ ಸುಮಾರು ಹತ್ತು ಸಾವಿರ ಕೋಟಿ ಜೀವಕೋಶ. ಮಾಮೂಲಿ ಬಿಯರಿಗೆ ಹೇಗೋ ನಡೆಯುತ್ತೆ. ಆದರೆ ಬಿಯರಿಗೆ ಇಳಿಸಿದ ಬಾರ್ಲಿಯ ಸಿಹಿ ರಸ ಗಟ್ಟಿಯಾಗಿ, 1.080 ಸಾಂದ್ರತೆಯದು (ನೀರಿನದು 1.000) 19 ಲೀಟರ್ ಇದ್ದರೆ ಇಪ್ಪತ್ತೇಳು ಸಾವಿರ ಕೋಟಿಯಷ್ಟು ಬೇಕು. ಕಡಿಮೆ ಹಾಕಿದರೆ ಈಸ್ಟ್ ಅರ್ಧ ದಾರೀಲಿ ಸುಸ್ತಾಗಿ ಸಿಹಿ ಹಾಗೇ ಉಳಿಯುತ್ತೆ. ಆದ್ದರಿಂದ ಮೊದಲೇ ತೆಳು ರಸದಲ್ಲಿ ಅದನ್ನ ಬೆಳೆಸ್ಕೋಬೇಕು. ಇದೇ ಸ್ಟಾರ್ಟರ್. ಅದನ್ನ ಬಿಡದೆ ಕಲಕ್ತಿರೋಕೇ ಈ ಸ್ಟಿರರ್. ರಜಕ್ಕೆ ಬಂದಾಗ ಐಸ್ ಪ್ಯಾಕಿನ ನಡುವೆ ಒಂದು ಪ್ಯಾಕೆಟ್ ನನಗೂ ತಂದ. ದಾರೀಲಿ ಎಷ್ಟು ಸತ್ತಿದ್ದವೋ, ಸ್ಟಾರ್ಟರ್ ಮಾಡದೆ ಗತಿಯಿರಲಿಲ್ಲ.

ಒಂದು ಲೀಟರ್ ನೀರಿಗೆ ನೂರು ಗ್ರಾಂ ಬಾರ್ಲಿ ಮಾಲ್ಟ್ ಎಕ್ಸ್‌ಟ್ರಾಕ್ಟ್ ಪುಡಿ (ಮೊಳಕೆ ಬರಿಸಿದ ಬಾರ್ಲಿಯ ಸಿಹಿ ರಸ ಒಣಗಿಸಿದ್ದು), ಹದಿನೈದು ನಿಮಿಷ ಕುದಿ, ಪೂರ್ತಿ ಆರಿದ ಮೇಲೆ ಈಸ್ಟ್. ನಮ್ಮವಳು ಮಂಡ್ಯದ ಬೆಲ್ಲ ಹಾಕಿ ಅಂದಳು. ಬ್ರೆಡ್ಡಿಗಾದರೆ ತೊಂದರೆಯಿಲ್ಲ. ಬಿಯರ್ ಮಾಡೋರು ಮಾತ್ರ ಹಾಕಬಾರದು. ಬರೀ ಬೆಲ್ಲ, ಸಕ್ಕರೆ ತಿಂದು ಬೆಳೆದ ಈಸ್ಟ್ ಆಮೇಲೆ ಮಾಲ್ಟಿನಲ್ಲಿರೋ ಮಾಲ್ಟೋಸ್ ಅನ್ನೋ ಸಕ್ಕರೆ ಒಡೆಯೋಕೆ ಸೋಮಾರಿಯಾಗುತ್ತೆ. ಫ್ಲಾಸ್ಕಿನ ಬಾಯಿಗೆ ಬಿರಡೆ ಬೇಡ, ಫಾಯಿಲ್ ಸಡಿಲವಾಗಿ ಮುಚ್ಚಿದರೆ ಸಾಕು. ಗ್ಯಾಸ್ ಹೊರಗೆ ಹೋಗಬೇಕು, ಗಾಳಿ ಒಳಗೆ ಬರಬೇಕು.

ಇನ್ನು ಯಂತ್ರ. ನಾಬ್ ನಿಧಾನಕ್ಕೆ ತಿರುಗಿಸಿದರೆ ಬೀಡ್, ಅಂದರೆ ಒಳಗಿನ ಅಯಸ್ಕಾಂತದ ತುಂಡು, ಹಿಡಿತಕ್ಕೆ ಬಂದು, ನಡುವೆ ಬೆರಳಗಲದ ಸುಳಿ ಏಳುತ್ತೆ. ಅಷ್ಟೇ ಸಾಕು, ಕೆಆರ್‌ಎಸ್ ತೂಬು ತೆಗೆದ ಹಾಗೆ ಆಗಬೇಕಿಲ್ಲ. ಸದ್ದು ಕಡಿಮೆ. ಸಂಜೆ ಟೀ ಬಣ್ಣ ಇದ್ದ ರಸ ಬೆಳಗ್ಗೆ ಹಾಲು ಬೆರೆಸಿದ ಹಾಗೆ ಮಬ್ಬಾಗಿತ್ತು. ಒಂದೂವರೆ ದಿನ ತಿರುಗಿಸಿ ಫ್ರಿಜ್ಜಲ್ಲಿಟ್ಟೆ. ತಳದಲ್ಲಿ ಮುಕ್ಕಾಲು ಇಂಚು ಕೆನೆ ಬಣ್ಣದ ಈಸ್ಟ್. ಕೈಯಲ್ಲಿ ಅಲ್ಲಾಡಿಸಿ ಮಾಡಿದಾಗ ಇದರರ್ಧವೂ ಬಂದಿರಲಿಲ್ಲ.

ದೂರು ಎರಡಿದೆ. ಒಂದು, ಬಿಸಿ. ಆರು ಗಂಟೆ ಓಡಿದ ಮೇಲೆ ಮೇಲಿನ ತಟ್ಟೆ ಕಾಯುತ್ತೆ. ಅಡಿಗೆಮನೆ 27 ಡಿಗ್ರಿ ಇದ್ದರೆ ಫ್ಲಾಸ್ಕ್ ಒಳಗೆ 34. ಮದುವೆ ಕಾಗದದ ದಪ್ಪ ರಟ್ಟು ಕತ್ತರಿಸಿ ನಡುವೆ ಇಟ್ಟೆ, 29ಕ್ಕೆ ಇಳಿಯಿತು. ರಟ್ಟಿನ ಮೇಲೂ ಅಯಸ್ಕಾಂತ ಹಿಡಿಯುತ್ತೆ. ಎರಡನೇದು ನಿಜವಾದ ತಲೆನೋವು: ಕರೆಂಟ್ ಹೋಗಿ ಬಂದರೆ ಇದು ಸೀದಾ ಹಳೇ ವೇಗಕ್ಕೇ ಹಾರುತ್ತೆ. ಬೀಡ್ ಹಿಡಿತ ತಪ್ಪಿ ಮೂಲೆಗೆ ಹೋಗಿ ಟಕಟಕ ಅಂತ ಗಾಜು ಬಡಿಯುತ್ತೆ. ರಾತ್ರಿ ಎರಡೂವರೆಗೆ ಆ ಸದ್ದಿಗೆ ಎದ್ದು ಹೋಗಿ ನೋಡಿದರೆ ಈಸ್ಟೆಲ್ಲ ತಳ ಕಚ್ಚಿತ್ತು. ಅಂಗಡಿಯವರನ್ನ ಕೇಳಿದರೆ, "ರಾತ್ರಿ ಯಾರ್ ಸಾರ್ ಇದನ್ನ ಓಡಿಸ್ತಾರೆ?" ಅಂದರು. ಒಂದು ವರ್ಷ ಗ್ಯಾರಂಟಿ ಅಂತ ಬಾಯಲ್ಲಿ ಹೇಳಿದ್ದರು, ಬಿಲ್ಲಲ್ಲಿ ಆರು ತಿಂಗಳು ಅಂತಿದೆ. ಕೊಳ್ಳುವಾಗ ಓದಿಕೊಳ್ಳಿ.

ಜಾಮ್ ಬಾಟಲಿ ಇಟ್ಟು ನೋಡೋ ಆಸೆಯೂ ಬೇಡ. ತಳ ಉಬ್ಬಿರುತ್ತೆ, ಬೀಡ್ ನಿಲ್ಲೋದಿಲ್ಲ. ಚಪ್ಪಟೆ ತಳದ ಕೋನಿಕಲ್ ಫ್ಲಾಸ್ಕಿಗೆ ಬೇರೆ ದುಡ್ಡು ತೆಗೆದಿಡಿ.

ಐದಕ್ಕೆ ಮೂರೂವರೆ ಕೊಡ್ತೀನಿ. ಸದ್ಯಕ್ಕೆ ಟಿವಿ ಪ್ಲಗ್ ಕಿತ್ತು ಇದನ್ನ ಯುಪಿಎಸ್ ಲೈನಿಗೆ ಹಾಕಿದೀನಿ. ಧಾರಾವಾಹಿ ಹೊತ್ತಿಗೆ ಕರೆಂಟ್ ಹೋದ ದಿನ ಬ್ರೆಡ್ ಎಷ್ಟೇ ಉಬ್ಬಿದ್ದರೂ ನಮ್ಮವಳು ಮುಟ್ಟಲ್ಲ.